ಪದಗಾರರ ಕೋಟಿನ ಐದನೆಯ ಮುಖ

ಪೆಟ್ಟಿಗೆಯ ಮುಚ್ಚಳ ತೆಗೆದು ದರ್ಜಿ ಮಂಚಯ್ಯ ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಬೆನ್ನಿನ ಭಾಗ ಕಾಣುವಂತೆ ತಿರುಗಿಸಿದ. ಅಷ್ಟೇ, ಅವನ ಕೈ ಅಲ್ಲಿಯೇ ನಿಂತಿತು.

ಬೆನ್ನಿನ ಮೇಲೆ ಐದು ಮುಖಗಳಿರಬೇಕಿತ್ತು. ನಾಲ್ಕೇ ಇದ್ದವು.

ನಡುವಿನ ಮುಖವಿದ್ದ ಕಡೆ ಅಂಗೈಯಗಲ ಜಾಗ ಖಾಲಿ. ಸುತ್ತಲಿನ ನೀಲಿ ಬಟ್ಟೆ ಬಿಸಿಲಿಗೂ ಒಗೆತಕ್ಕೂ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಒಂದು ಜಾಗ ಮಾತ್ರ ಹೊಸ ಥಾನಿನಂತೆ ಕಡುನೀಲಿ.

ಕೋಟಿನ ಒಡೆಯ ಕ್ಯಾಲ್ವಿನ್ ಮುಂದೆ ಬಂದು ಆ ಜಾಗದ ಮೇಲೆ ಬೆರಳಿಟ್ಟ. "ತಾತ," ಎಂದ. ಕನ್ನಡದಲ್ಲಿಯೇ ಎಂದ.

ದಫೇದಾರ ಗಂಗಯ್ಯ ಬರುವ ಹೊತ್ತಿಗೆ ಹೊಳೆನರಸೀಪುರದ ಪೇಟೆ ಬೀದಿಯ ಅರ್ಧ ಜನ ಆ ದರ್ಜಿ ಅಂಗಡಿಯ ಮುಂದೆ ಸೇರಿದ್ದರು. ಅದು 1966ರ ಬೇಸಿಗೆಯ ಆರಂಭ, ಬುಧವಾರ ಬೆಳಿಗ್ಗೆ. ಮೇಲಿನ ಅಧಿಕಾರಿ ಮಂತ್ರಿಗಳ ಬಂದೋಬಸ್ತಿಗೆಂದು ಹಾಸನಕ್ಕೆ ಹೋಗಿದ್ದರಿಂದ ಠಾಣೆಯಲ್ಲಿ ಉಳಿದ ಹಿರಿಯ ಅವನೇ. ನಿವೃತ್ತಿಗೆ ಎಂಟು ತಿಂಗಳಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದನ್ನೆಲ್ಲ ಸಂತೆ, ಜಗಳ, ಹೆಣ, ಮದುವೆಗಳಲ್ಲಿ ನಿಂತು ನಿಂತು ಕಲಿತಿದ್ದ.

ಕ್ಯಾಲ್ವಿನ್‌ನನ್ನು ಅವನು ಬಲ್ಲ. ಊರಿಗೆ ಊರೇ ಬಲ್ಲದು. ಹರದನಹಳ್ಳಿ ಕಡೆಯ ರೈತರಿಗೆ ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದಿಂದ ಒಬ್ಬ ಬರುತ್ತಾನೆ ಎಂದಾಗ ಎಲ್ಲರೂ ಬೆಳ್ಳಗಿನ ದೊರೆಯೊಬ್ಬನನ್ನು ಎದುರು ನೋಡಿದ್ದರು. ಬಸ್ಸಿನಿಂದ ಇಳಿದವನು ಊರಿನ ಎಷ್ಟೋ ಜನರಿಗಿಂತ ಕಪ್ಪಗಿದ್ದ. ಹೆಗಲಿಗೊಂದು ಗಿಟಾರು, ಮೈಮೇಲೆ ಈ ಕೋಟು. ಹೆಸರು ನಾಲಗೆಗೆ ಹೊರಳದೆ ಜನ ಕಾಲಿಂಗಪ್ಪ ಎಂದು ಕರೆದರು. ಅವನೂ ಓಗೊಟ್ಟ.

ಕೋಟಿಗೂ ಒಂದು ಹೆಸರು ಬಿತ್ತು: ಪದಗಾರರ ಕೋಟು. ಬೆನ್ನಿನ ಮೇಲಿದ್ದ ಐವರೂ ಅವನ ಅಜ್ಜಿಯ ಊರಿನ ಹಳೆಯ ಹಾಡುಗಾರರು. ಹತ್ತಿ ಬೆಳೆಯುವ ಸೀಮೆ, ದೊಡ್ಡ ಹೊಳೆಯ ದಂಡೆ. ಕಣ್ಣಿಲ್ಲದ ಗಿಟಾರಿನವನೊಬ್ಬ, ಬಾಯಿಬಾಜಾ ಊದುವವನೊಬ್ಬ, ಚುಟ್ಟದ ಪೆಟ್ಟಿಗೆಗೆ ತಂತಿ ಬಿಗಿದು ನುಡಿಸುತ್ತಿದ್ದವನೊಬ್ಬ, ಸೊಂಟದ ಮೇಲೆ ಕೈಯಿಟ್ಟು ಹಾಡುವ ಹೆಂಗಸೊಬ್ಬಳು. ನಡುವೆ ಕ್ಯಾಲ್ವಿನ್‌ನ ತಾತ, ಒಡೆದ ಸೀಸೆಯ ಕೊರಳನ್ನು ಬೆರಳಿಗೆ ತೊಟ್ಟು ಗಿಟಾರಿನ ತಂತಿ ಅಳುವಂತೆ ನುಡಿಸುತ್ತಿದ್ದವನು. ದುಡಿಮೆಯ, ಅಗಲಿಕೆಯ ಆ ಪದಗಳಿಗೆ ಬ್ಲೂಸ್ ಅನ್ನುತ್ತಾರಂತೆ. ಹಾಡಿದವರ ಫೋಟೋ ಯಾರೂ ತೆಗೆಯಲಿಲ್ಲ, ಹೆಸರು ಯಾರೂ ಬರೆಯಲಿಲ್ಲ. ಅಜ್ಜಿಯೇ ಒಬ್ಬೊಬ್ಬರು ಉಟ್ಟು ಹರಿದ ಬಟ್ಟೆ ಬೇಡಿ ತಂದು, ಆಯಾ ಬಟ್ಟೆಯಲ್ಲೇ ಆಯಾ ಮುಖ ಕತ್ತರಿಸಿ, ಕೆಲಸದ ಕೋಟೊಂದರ ಬೆನ್ನಿಗೆ ಹಚ್ಚಿ ಹೊಲಿದಿದ್ದಳು.

ಹೆಗಲ ಹೊಲಿಗೆ ಬಿಟ್ಟಿತ್ತೆಂದು ಕ್ಯಾಲ್ವಿನ್ ಅದನ್ನು ಮಂಚಯ್ಯನಿಗೆ ಕೊಟ್ಟಿದ್ದ. ಶುಕ್ರವಾರ ಹಾಸನದ ವಸ್ತುಪ್ರದರ್ಶನದಲ್ಲಿ ಅವನ ಹಾಡಿತ್ತು.

"ಬರಕೊಳ್ಳಿ ದಫೇದಾರ್ರೇ," ಎಂದರು ಪರಮಶಿವಯ್ಯ. ಅವರು ಬಟ್ಟೆ ವ್ಯಾಪಾರಿ, ಈ ಮಳಿಗೆಯ ಮಾಲೀಕರು. ಕ್ಯಾಲ್ವಿನ್ ಇದ್ದದ್ದೂ ಅವರ ಹಿತ್ತಲ ಕೋಣೆಯಲ್ಲಿ. "ಕೇರಿಯ ಹುಡುಗನಿಗೆ ಪೇಟೆ ಬೀದೀಲಿ ಮಳಿಗೆ ಕೊಟ್ಟಾಗ ಎಲ್ಲರೂ ನನ್ನ ಮುಖಕ್ಕೆ ಉಗಿದರು. ಅರಕಲಗೂಡಲ್ಲಿ ಕೆಲಸ ಕಲಿತ ಕೈ, ಒಳ್ಳೇ ಕೈ, ಇರಲಿ ಅಂದೆ. ಈಗ ನೋಡಿ. ಪರದೇಶದವನ ಮುಂದೆ ನಮ್ಮ ಊರಿನ ಮಾನ ಹೋಯ್ತು. ಬೀದಿಯವರ ಬಾಯಿಗೆ ನಾನೆಷ್ಟು ದಿನ ಬೀಗ ಹಾಕಲಿ?"

"ಇವನೇ ತೆಗೆದದ್ದು ಅಂತೀರಾ?"

"ಕೋಟು ಇವನ ಪೆಟ್ಟಿಗೇಲಿತ್ತು. ಮಳಿಗೆ ಕೀಲಿ ಇವನ ಮನೇಲಿತ್ತು. ಇನ್ನೇನು ಹೇಳಲಿ? ನಾಳೆ ಸಂಜೆಯೊಳಗೆ ಬೇರೆ ಯಾರಾದರೂ ಅಂತ ನೀವು ತೋರಿಸಿ, ಸಂತೋಷ. ಇಲ್ಲದಿದ್ರೆ ಇವನ ಮಿಷನ್ನು ಬೀದಿಗೆ ಬರುತ್ತೆ."

ಮಂಚಯ್ಯ ತಲೆ ಎತ್ತಲಿಲ್ಲ. ಇಪ್ಪತ್ತಾರರ ತರುಣ. ಅವನ ಕೇರಿಯಿಂದ ಪೇಟೆ ಬೀದಿಗೆ ಬಂದು ಬೋರ್ಡು ಹಾಕಿದ ಮೊದಲನೆಯವನು. ಮಿಷನ್ನು ಒಮ್ಮೆ ಬೀದಿಗೆ ಬಂದರೆ ಇನ್ನು ಅವನಿಗೂ ಅವನ ಹಿಂದೆ ಬರುವವರಿಗೂ ಆ ಬೀದಿಯ ಬಾಗಿಲು ಮುಚ್ಚಿದಂತೆ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಲವರಿಗೆ ಅದರಿಂದ ಸಂತೋಷವೂ ಆಗಿತ್ತು.

ಗಂಗಯ್ಯ ಜನರನ್ನು ಚದುರಿಸಿ ಒಳಗೆ ಹೋಗಿ ಕೂತ. ನೆಲ ಗುಡಿಸಿ ಚೊಕ್ಕಟವಾಗಿತ್ತು. ಕೋಟನ್ನು ಮೊಣಕಾಲ ಮೇಲೆ ಹರಡಿಕೊಂಡು ಕನ್ನಡಕ ಏರಿಸಿದ.

"ಏನ್ಲಾ ಮಂಚ, ಇದನ್ನ ಕಿತ್ತವರು ಬ್ಲೇಡು ಹಾಕವ್ರಾ?"

ಮಂಚಯ್ಯ ಮೊದಲ ಸಲ ಆ ಖಾಲಿ ಜಾಗವನ್ನು ದರ್ಜಿಯ ಕಣ್ಣಿಂದ ನೋಡಿದ. ಬೆರಳಿಂದ ಸವರಿದ. "ಇಲ್ಲ ಸಾ. ಬ್ಲೇಡು ಆಕಿದ್ರೆ ಒಂದ್ಕಡೆನಾರೂ ಬಟ್ಟೆಗೆ ತಾಗ್ತಿತ್ತು. ನಾವು ದರ್ಜಿಗಳು ಬಿಚ್ಚೋದೇ ಬ್ಲೇಡಲ್ಲಿ. ಮೂರು ಒಲಿಗೆಗೆ ಒಂದು ಕಡಿದು ಎಳೆದ್ಬುಡ್ತೀವಿ. ದಾರದ ಚೂರು ತೂತಲ್ಲೇ ಉಳೀತವೆ."

"ಇಲ್ಲಿ ಉಳಿದದ್ಯಾ?"

"ಒಂದೂ ಇಲ್ಲ." ಅವನ ದನಿ ತಗ್ಗಿತು. "ಸೂಜಿ ಮೊನೇಲಿ ಇಂದ್‌ಇಂದಕ್ಕೆ ಬಿಡಿಸವ್ರೆ ಸಾ. ಒಂದೊಂದೇ ಒಲಿಗೆ. ಗಂಟೆ ಒತ್ತು ಇಡಿಸ್ತದೆ."

"ಕಳ್ಳನಿಗೆ ಅಷ್ಟು ತಾಳ್ಮೆ ಇರ್ತದಾ?"

ಮಂಚಯ್ಯ ಸೂಜಿಯ ತೂತುಗಳನ್ನು ಇನ್ನೊಮ್ಮೆ ಸವರಿದ.

"ಕೊನೇ ಸಲ ಐದೂ ಮುಖ ನೋಡಿದ್ದು ಯಾವಾಗ?"

ನಿನ್ನೆ, ಮಂಗಳವಾರ ಸಂಜೆ. ಹೆಗಲು ಹೊಲಿದು ಮುಗಿಸಿ ತೋರಿಸಿದ್ದ. ಕ್ಯಾಲ್ವಿನ್ ಅಲ್ಲೇ ಕೂತು ಒಬ್ಬೊಬ್ಬರ ಕಥೆ ಹೇಳಿದ್ದ. ಪರಮಶಿವಯ್ಯನವರ ಮಗ ಬಸವರಾಜು, ಬಿ.ಎ. ಓದಿದವನು, ಅದನ್ನು ಕನ್ನಡ ಮಾಡಿದ್ದ. ಗುಂಡಿಗೆ ಕಾಜ ಹಾಕುವ ಕೆಲಸ ಒಂದಿಷ್ಟು ಉಳಿದಿತ್ತೆಂದು ಮಂಚಯ್ಯ ಕೋಟನ್ನು ಪೆಟ್ಟಿಗೆಯಲ್ಲೇ ಇಟ್ಟು ಮಳಿಗೆಗೆ ಬೀಗ ಹಾಕಿದ್ದ. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ತೆರೆದದ್ದು ಎಲ್ಲರ ಮುಂದೆ.

"ಕಥೆ ಹೇಳುವಾಗ ಯಾರ್ಯಾರಿದ್ರು?"

"ನಾನು, ಕಾಲಿಂಗಪ್ಪ, ಬಸವರಾಜಪ್ಪೋರು. ಪಕ್ಕದ ಮಳಿಗೆಯಿಂದ ಪುಟ್ಟಸ್ವಾಮಿ ಕಿವಿ ಕೊಟ್ಟಿದ್ದ. ಇನ್ಯಾರೂ ಇರ್ನಿಲ್ಲ ಸಾ."

ಮಧ್ಯಾಹ್ನ ಗಂಗಯ್ಯ ಮಂಚಯ್ಯನ ಜೊತೆ ಹೊಳೆದಂಡೆಯ ಕೇರಿಗೆ, ಅವನ ಮನೆಗೆ ನಡೆದ. ಕೀಲಿ ತೂಗುಹಾಕುವ ಮೊಳೆ ನೋಡಬೇಕಿತ್ತು. ಬಾಗಿಲ ಪಕ್ಕದಲ್ಲೇ ಇತ್ತು, ಒಳಗೆ ಬರುವ ಯಾರ ಕೈಗೂ ಸಿಗುವಂತೆ. ಆದರೆ ಒಳಗೆ ಬರುವವರು ಯಾರು? ತಾಯಿ, ಮಗ, ಇಬ್ಬರೇ.

ತಾಯಿ ಮಾಯಮ್ಮ ಜಗಲಿಯಲ್ಲಿ ಕೂತು ಷರಟೊಂದಕ್ಕೆ ಕಾಜ ಹಾಕುತ್ತಿದ್ದಳು. ಬುಧವಾರವಾದರೂ ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲಿನ್ನೂ ಹಸಿಯಾಗಿತ್ತು. ಗಂಗಯ್ಯನನ್ನು ಕಂಡು ಎದ್ದು ಚಾಪೆ ಹಾಸಿದಳು. ಬಾಯಿ ಬಿಡಲಿಲ್ಲ.

"ಬೆಳಗಿಂದ ಅವ್ವ ಮಾತಾಡ್ತಿಲ್ಲ ಸಾ," ಎಂದ ಮಂಚಯ್ಯ. "ನಂಗೆ ಇಂಗಾಯ್ತು ಅಂತ."

ಗಂಗಯ್ಯನಿಗೆ ಹನ್ನೊಂದು ವರ್ಷದ ಹಿಂದಿನದು ನೆನಪಾಯಿತು. ಮಂಚಯ್ಯನ ತಂದೆ ಲಕ್ಕಯ್ಯ ಹೇಮಾವತಿ ತುಂಬಿದಾಗ ಹರಿಗೋಲು ಮಗುಚಿ ಕೊಚ್ಚಿ ಹೋಗಿದ್ದ. ಮೂರು ದಿನ ಗಂಗಯ್ಯನೇ ದೋಣಿಯವರ ಜೊತೆ ಹೊಳೆ ಜಾಲಾಡಿದ್ದ. ದೇಹ ಸಿಗಲಿಲ್ಲ. ಆ ಮೂರು ದಿನವೂ ಈ ಹೆಂಗಸು ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ದುಃಖದಲ್ಲಿ ಬಾಯಿ ಕಟ್ಟುವ ಸ್ವಭಾವ ಅಂದುಕೊಂಡಿದ್ದ.

ಅವಳು ಒಂದು ಚೊಂಬು ಅಂಬಲಿ ತಂದಿಟ್ಟಳು. ಬಿಸಿಲಲ್ಲಿ ನಡೆದು ಬಂದಿದ್ದ ಗಂಗಯ್ಯ ಒಂದು ಗುಟುಕು ಕುಡಿದು ಮುಖ ಕಿವುಚಿದ. ಮಂಚಯ್ಯನೂ ಕುಡಿದು ನೋಡಿ ನಾಚಿಕೊಂಡು, "ಉಪ್ಪೇ ಆಕಿಲ್ವಲ್ಲವ್ವ," ಎನ್ನುತ್ತ ಒಳಗೆ ಹೋದ. ಗಡಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಅವನು ಬರುವುದು ಒಂದಿಷ್ಟು ತಡವಾಯಿತು.

"ಉಪ್ಪು ಮುಗ್ದೋಗದೆ ಸಾ," ಎಂದ, ಬಾಗಿಲಲ್ಲಿ ನಿಂತು. ಮುಖ ಬಿಳಿಚಿಕೊಂಡಿತ್ತು.

"ಬಡವರ ಮನೇಲಿ ಮುಗೀತದೆ ಕಣ್ಲಾ," ಎಂದು ಗಂಗಯ್ಯ ಚೊಂಬನ್ನು ಖಾಲಿ ಮಾಡಿಯೇ ಇಟ್ಟ.

ಹೊರಡುವಾಗ ಮಂಚಯ್ಯ ಹಿಂದೆಯೇ ಬಂದ. "ಸಾ, ನಾನೇ ತೆಗೆದೆ ಅಂತ ಬರಕೊಂಡ್ಬುಡಿ. ಮಿಷನ್ನು ಎತ್ಕೊಂಡು ಓಯ್ತೀನಿ."

ಗಂಗಯ್ಯ ನಿಂತು ಅವನನ್ನು ನೋಡಿದ. "ತೆಗೆದಿದ್ರೆ ಎಲ್ಲಿಟ್ಟಿದ್ದೀಯ?"

ಮಂಚಯ್ಯ ಮನೆಯ ಕಡೆ ತಿರುಗಿ ನೋಡಿದ.

"ಕದಿಯದೋನು ಕದ್ದೆ ಅಂದ್ರೆ ನನಗೆ ಎರಡು ಕೆಲಸ ಆಯ್ತದೆ. ಸುಮ್ನೆ ಮನೇಗೆ ಹೋಗು."

ಬೆಳಿಗ್ಗೆ ಕಳ್ಳನಲ್ಲ ಎಂದು ನಿಂತವನು ಮಧ್ಯಾಹ್ನಕ್ಕೆ ಕಳ್ಳ ಅಂತ ಬರೆದುಕೊಳ್ಳಿ ಅನ್ನುತ್ತಾನೆ. ನಡುವೆ ಆದದ್ದೇನು? ಗಂಗಯ್ಯನ ತಲೆಯಲ್ಲಿ ಅದು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿಯಿತು.

ಪಕ್ಕದ ಮಳಿಗೆಯ ಪುಟ್ಟಸ್ವಾಮಿಯೂ ದರ್ಜಿಯೇ. ಮಂಚಯ್ಯ ಬಂದ ಮೇಲೆ ಅವನ ಗಿರಾಕಿ ಅರ್ಧ ಕರಗಿತ್ತು. ಎರಡು ಮಳಿಗೆಗೂ ನಡುವೆ ಹಲಗೆಯ ಗೋಡೆ. ಮೂಲೆಯ ಒಂದು ಹಲಗೆ ಅಲುಗಾಡುತ್ತಿತ್ತು. ಗಂಗಯ್ಯ ಅದನ್ನು ಕೋಲಿನಿಂದ ತಟ್ಟಿದ.

"ಇದರಲ್ಲಿ ತೂರಬಹುದಾ ಪುಟ್ಟಸ್ವಾಮಿ?"

"ಬೆಕ್ಕು ತೂರಬಹುದು. ನನ್ನ ಹೊಟ್ಟೆ ನೋಡಿ ಕೇಳಿ ಸ್ವಾಮಿ."

"ಮಂಚ ಹೋದ್ರೆ ನಿನಗೆ ಒಳ್ಳೇದಲ್ವಾ?"

"ಒಳ್ಳೇದೇ. ಸುಳ್ಳು ಯಾಕೆ ಹೇಳಲಿ? ಅದಕ್ಕೆ ಒಂದು ಅಂಗೈ ಬಟ್ಟೆ ಕದೀಬೇಕಾ? ಇಡೀ ಕೋಟಿಗೆ ಸೀಮೆಎಣ್ಣೆ ಸುರೀತಿದ್ದೆ." ತನ್ನ ಮಾತಿಗೆ ತಾನೇ ಗಾಬರಿಯಾಗಿ ನಕ್ಕ. ಆಮೇಲೆ ಅವನ ನಾಲಗೆ ಸಡಿಲವಾಯಿತು. "ಆ ಜನದ ಗತ್ತು ನೋಡಬೇಕು ನೀವು. ಇವನವ್ವ ನೆನ್ನೆ ಸಂಜೆ ಕಾಜದ ಬಟ್ಟೆ ಕೊಡಕ್ಕೆ ಬಂದೋಳು ಮೆಟ್ಟಲ ಮೇಲೆ ಕೂತು ಅಮೆರಿಕನ್ ಕಥೇನ ಬಾಯಿ ಬಿಟ್ಕೊಂಡು ಕೇಳಿದ್ಲು. ಕೊನೇಲಿ ಸೆರಗಿಂದ ಕಣ್ಣು ಒರೆಸ್ಕೊಂಡ್ಲು. ಅಲ್ಲಿಂದ ಸೀದಾ ಎದುರು ಅಂಗಡೀಗೆ ಹೋಗಿ ಎರಡು ಸೇರು ಕಲ್ಲುಪ್ಪು ಕಟ್ಟಿಸ್ಕೊಂಡ್ಲು. ಎರಡು ಸೇರು! ಗಂಜೀಗೆ ಗತಿಯಿಲ್ಲ, ಉಪ್ಪಿನಕಾಯಿ ಹಾಕ್ತಾರಂತೆ."

ಗಂಗಯ್ಯ ನಶ್ಯದ ಡಬ್ಬಿ ತೆಗೆದವನು ಹಾಗೇ ಕೈಯಲ್ಲಿ ಹಿಡಿದುಕೊಂಡ. "ಎರಡು ಸೇರಾ?"

"ನನ್ನ ಕಣ್ಣಾರೆ."

ಉಳಿದವನು ಬಸವರಾಜು. ಬುಧವಾರ ಬೆಳಿಗ್ಗೆ ಆರರ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೊರಟಿದ್ದೆ, ಬಸ್ಸು ತಪ್ಪಿತು, ಹಿಂದಿರುಗಿದೆ ಎಂದು ಅವನ ಹೇಳಿಕೆ. ಗುರುವಾರ ಬೆಳಿಗ್ಗೆ ಗಂಗಯ್ಯ ಅವನನ್ನು ಅವರ ಬಟ್ಟೆ ಅಂಗಡಿಯ ಹಿಂದೆ ಹಿಡಿದ.

"ಆರರ ಬಸ್ಸು ನೆನ್ನೆ ಏಳಕ್ಕೆ ಹೊರಟಿತು ಕಣಪ್ಪ. ಟೈರು ಬದಲಾಯಿಸ್ತಿದ್ರು. ತಪ್ಪಿಸಿಕೊಳ್ಳೋದು ಕಷ್ಟ. ನಿಮ್ಮಪ್ಪನ ಹತ್ರ ಮಳಿಗೆಯ ಇನ್ನೊಂದು ಕೀಲಿ ಇರಬೇಕು. ಎಲ್ಲಿದೆ?"

ಬಸವರಾಜು ಕೆಂಪಾದ. ಜೇಬಿನಿಂದ ಕೀಲಿ ತೆಗೆದ. "ಅಪ್ಪನಿಗೆ ಹೇಳಬೇಡಿ. ನಾನು ಕದಿಯೋಕೆ ಹೋಗಲಿಲ್ಲ. ಆ ಕೋಟಿಗೆ ನನ್ನ ವಾಚು ಕೊಡ್ತೀನಿ ಅಂದಿದ್ದೆ, ಕ್ಯಾಲ್ವಿನ್ ಒಪ್ಪಲಿಲ್ಲ. ಒಂದು ಸಲ ತೊಟ್ಟುಕೊಂಡು ಕನ್ನಡಿ ನೋಡೋಣ ಅಂತ... ಬಿ.ಎ. ಓದಿದೋನು, ಹೇಳೋಕೆ ನಾಚಿಕೆ."

"ತೊಟ್ಟೆಯಾ?"

"ಇಲ್ಲ. ಹೋದಾಗ ಬಾಗಿಲು ಓರೆ ತೆರೆದಿತ್ತು. ಮಂಚಯ್ಯ ಬಂದುಬಿಟ್ಟಿದ್ದಾನೆ ಅಂತ ವಾಪಸು ಬಂದೆ. ಅದನ್ನ ಹೇಳಿದ್ರೆ ಅವನಿಗೆ ಇನ್ನೂ ತೊಂದರೆ. ಅದಕ್ಕೇ ಸುಮ್ಮನಿದ್ದೆ."

"ಮಂಚಯ್ಯನ್ನ ನೋಡಿದೆಯಾ?"

"ನೋಡಲಿಲ್ಲ."

"ಏನು ಕೇಳಿಸ್ತು?"

ಬಸವರಾಜು ಯೋಚಿಸಿದ. "ಕಸಬರಿಕೆ ಸದ್ದು. ಅಷ್ಟೇ."

"ಮಂಗಳವಾರ ಕಾಲಿಂಗಪ್ಪ ತನ್ನ ತಾತನ ಬಗ್ಗೆ ಏನು ಹೇಳಿದ? ನೀನು ಕನ್ನಡದಲ್ಲಿ ಹ್ಯಾಗೆ ಹೇಳಿದೆಯೋ ಹಾಗೇ ಹೇಳು."

ಬಸವರಾಜು ಹೇಳಿದ. ಗಂಗಯ್ಯ ಕೇಳಿದ. ಕೇಳಿ ಮುಗಿದ ಮೇಲೆ ನಶ್ಯ ಏರಿಸಿ, ಒಬ್ಬನೇ ಹೊಳೆಯ ಕಡೆ ನಡೆದ. ದಂಡೆಯ ಹುಣಸೆಮರದಾಚೆ ಕೇರಿಯವರ ಮಸಣ. ಅಲ್ಲಿ ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಕೋಲಿನಿಂದ ಒಂದು ಹೆಂಟೆಯನ್ನೂ ಕದಲಿಸದೆ ಹಿಂದಿರುಗಿದ.

ಸಂಜೆ ಆರು ಜನ ಮಳಿಗೆಯಲ್ಲಿ ಸೇರಿದರು. ಪರಮಶಿವಯ್ಯ ಕುರ್ಚಿಯಲ್ಲಿ, ಅವರ ಪಕ್ಕ ಬಸವರಾಜು, ಹಲಗೆಗೆ ಒರಗಿ ಪುಟ್ಟಸ್ವಾಮಿ. ಕ್ಯಾಲ್ವಿನ್ ಕೋಟನ್ನು ಮಡಿಲಲ್ಲಿ ಹಾಕಿಕೊಂಡಿದ್ದ. ಎರಡು ದಿನದಿಂದ ಅವನು ಊಟ ಸರಿಯಾಗಿ ಮಾಡಿರಲಿಲ್ಲ. ಮಂಚಯ್ಯ ಮಿಷನ್ನಿನ ಪಟ್ಟಿ ಬಿಚ್ಚಿಟ್ಟು ಹೊರಡಲು ತಯಾರಾಗಿ ನಿಂತಿದ್ದ. ಮಾಯಮ್ಮ ಎಂದಿನಂತೆ ಹೊರಗೆ ಮೆಟ್ಟಿಲ ಮೇಲೆ.

ಗಂಗಯ್ಯ ಮಾತು ಶುರು ಮಾಡಿದ.

"ಕಳ್ಳರು ಇಡೀ ಕೋಟು ಒಯ್ತಾರೆ. ಹೊಟ್ಟೆಕಿಚ್ಚಿನೋರು ಹರಿದು ಹಾಕ್ತಾರೆ. ಇದನ್ನ ಮಾಡಿದೋರು ಒಂದೇ ಒಂದು ಮುಖಾನ, ಕೂಸಿನ ಕಾಲಿಂದ ಮುಳ್ಳು ತೆಗೆದಂಗೆ ತೆಗೆದವ್ರೆ. ಪಕ್ಕದ ಮುಖಕ್ಕೆ ಒಂದು ಎಳೆ ತಾಗಿಲ್ಲ. ಅಂದ್ರೆ ಅವರಿಗೆ ಕೋಟಿನ ಮೇಲೂ ಆಸೆಯಿಲ್ಲ, ಮಂಚನ ಮೇಲೂ ಕೋಪವಿಲ್ಲ. ಅವರಿಗೆ ಬೇಕಾದದ್ದು ಆ ಒಬ್ಬ ಮನುಷ್ಯ."

ಪರಮಶಿವಯ್ಯ ಹುಬ್ಬು ಗಂಟಿಕ್ಕಿದರು.

"ಅವನು ಯಾರು? ಬಸವರಾಜು ಹೇಳಿದ್ದು ಕೇಳಿ. ಕಾಲಿಂಗಪ್ಪನ ತಾತ ಒಂದು ಸಂಜೆ ಹೊಳೆಯಾಚೆ ಹಾಡೋಕೆ ಹೋದ. ಅಲ್ಲಿಯ ಬಿಳಿಯರಿಗೂ ಅವನಿಗೂ ಏನೋ ಮಾತಾಯ್ತು. ಬೆಳಿಗ್ಗೆ ದಂಡೇಲಿ ಟೋಪಿ ಸಿಕ್ತು. ಮನುಷ್ಯ ಸಿಗಲಿಲ್ಲ. ಹೂಳಲಿಲ್ಲ, ಸುಡಲಿಲ್ಲ, ಯಾರೂ ಅತ್ತು ಮುಗಿಸಲಿಲ್ಲ. ಉಳಿದ ನಾಲ್ವರೂ ಮಣ್ಣು ಸೇರಿದೋರು. ಈತ ಒಬ್ಬ ಇನ್ನೂ ಹೊಳೇಲಿದ್ದಾನೆ."

ಅವನು ಮಂಚಯ್ಯನ ಕಡೆ ತಿರುಗಿದ. "ಕಥೆ ಹೇಳುವಾಗ ಯಾರಿದ್ರು ಅಂತ ಕೇಳ್ದೆ. ಮೂರು ಹೆಸರು ಹೇಳ್ದೆ, ಇನ್ಯಾರೂ ಇಲ್ಲ ಅಂದೆ. ಮೆಟ್ಟಲ ಮೇಲೆ ಇದ್ದೋರನ್ನ ಬಿಟ್ಟೆ. ಬೇಕಂತ ಬಿಟ್ಟದ್ದಲ್ಲ. ದಿನಾ ಇರೋರು ಲೆಕ್ಕಕ್ಕೆ ಬರಲ್ಲ. ಈ ಮಳಿಗೇನ ದಿನಾ ಬೆಳಿಗ್ಗೆ ಯಾರು ಗುಡಿಸ್ತಾರೆ ಅಂತ ಇಲ್ಲಿ ಒಬ್ಬರಾದ್ರೂ ನನಗೆ ಹೇಳಿದ್ರಾ? ಗುಡಿಸಿದ ನೆಲ ಎಲ್ಲರೂ ನೋಡಿದ್ರಿ. ಕಸಬರಿಕೆ ಹಿಡಿದ ಕೈ ಯಾರೂ ನೋಡಲಿಲ್ಲ."

"ಅವನವ್ವ?" ಎಂದ ಪುಟ್ಟಸ್ವಾಮಿ.

"ಕೀಲಿ ಮೊಳೇಲಿತ್ತು. ಕಾಜ ಹಾಕೋ ಕೈಗೆ ಹೊಲಿಗೆ ಬಿಡಿಸೋ ತಾಳ್ಮೆ ಇತ್ತು. ಆದರೆ ನನಗೆ ದಾರಿ ತೋರಿಸಿದ್ದು ನೀನೇ ಪುಟ್ಟಸ್ವಾಮಿ. ಮಂಗಳವಾರ ಸಂಜೆ ಎರಡು ಸೇರು ಉಪ್ಪು ಕಟ್ಟಿಸ್ಕೊಂಡ್ಲು ಅಂದೆ. ಬುಧವಾರ ಮಧ್ಯಾಹ್ನ ಆ ಮನೇಲಿ ನಾನು ಉಪ್ಪಿಲ್ಲದ ಅಂಬಲಿ ಕುಡಿದೆ. ಒಂದು ರಾತ್ರೀಲಿ ಎರಡು ಸೇರು ಉಪ್ಪು ಎಲ್ಲಿ ಹೋಯ್ತು? ಹೆಣ ಹೂಳುವಾಗ ಇವರ ಕಡೆ ಕೆಳಗೂ ಮೇಲೂ ಉಪ್ಪು ಹಾಕ್ತಾರೆ. ದೇಹ ಸಿಗದಿದ್ರೆ ಉಟ್ಟ ಬಟ್ಟೇನೇ ದೇಹ ಅಂತ ಉಪ್ಪಲ್ಲಿಟ್ಟು ಮಣ್ಣು ಮಾಡ್ತಾರೆ. ಹನ್ನೊಂದು ವರ್ಷದ ಹಿಂದೆ, ನಾವಿನ್ನೂ ಹೊಳೆ ಜಾಲಾಡ್ತಿರುವಾಗಲೇ, ಲಕ್ಕಯ್ಯನ ಪಂಚೆಗೆ ಹಂಗೇ ಮಾಡಿದ್ಲು. ಇವತ್ತು ಹೋಗಿ ನೋಡಿದೆ. ಲಕ್ಕಯ್ಯನ ಪಂಚೆ ಹೂತ ಗುದ್ದದ ಪಕ್ಕದಲ್ಲಿ ಇನ್ನೊಂದು ಗುದ್ದ ಇದೆ. ಹೊಸದು. ಮೊಳದುದ್ದ. ನಾಯಿ ಕೆದರದಂಗೆ ಕಲ್ಲು ಇಟ್ಟವ್ರೆ."

ಪುಟ್ಟಸ್ವಾಮಿ ಹಲಗೆ ಬಿಟ್ಟು ನೆಟ್ಟಗೆ ನಿಂತ.

"ಹಾಗಾದ್ರೆ ಮಗನ ಮೇಲೆ ಅಪವಾದ ಬಂದಾಗ ಬಾಯಿ ಬಿಡಬಾರದಾಗಿತ್ತಾ?" ಪರಮಶಿವಯ್ಯ ಕೇಳಿದರು.

"ಅದೇ ನೋಡಿ ನಾನೂ ತಪ್ಪು ತಿಳಿದದ್ದು. ಲಕ್ಕಯ್ಯ ಹೋದಾಗ ನಾಲ್ಕನೇ ದಿನ ಈಕೆ ಠಾಣೆಗೆ ಬಂದು ಕ್ಷಮೆ ಕೇಳಿದ್ಲು. ದೇಹವಿಲ್ಲದ ಮಣ್ಣು ಮಾಡಿದೋರು ಮೂರನೇ ದಿನ ಹಾಲುತುಪ್ಪ ಬಿಡೋವರೆಗೂ ಮಾತಾಡಬಾರದಂತೆ, ಮಾತಾಡಿದ್ರೆ ಸತ್ತೋನು ತಿರುಗಿ ಹೊಳೇಗೇ ಹೋಗ್ತಾನಂತೆ. ಅವರವ್ವ ಹೇಳಿಕೊಟ್ಟದ್ದು. ಆಗ ಕೇಳಿ ಮರೆತುಬಿಟ್ಟಿದ್ದೆ. ಬುಧವಾರ ಬೆಳಿಗ್ಗೆ ಮಣ್ಣು. ನಾಳೆ ಶುಕ್ರವಾರ ಹಾಲುತುಪ್ಪ. ನಾಳೆ ಎಲ್ಲ ಹೇಳೋಣ ಅಂತಿದ್ಲು. ಅಷ್ಟರೊಳಗೆ ನೀವು ಗಡುವು ಕೊಟ್ರಿ."

ಮೆಟ್ಟಿಲ ಮೇಲೆ ಮಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಣ್ಣಿಂದ ನೀರು ಹರಿಯುತ್ತಿತ್ತು. ಹೌದು ಎಂದು ತಲೆಯಾಡಿಸಿದಳು.

"ನಿನಗೂ ಗೊತ್ತಿತ್ತು," ಎಂದ ಗಂಗಯ್ಯ, ಮಂಚಯ್ಯನಿಗೆ.

"ರಾತ್ರಿ ಉಪ್ಪು ತುಂಬಿದ್ದ ಗಡಿಗೆ ಕಾಲಿಯಾಗಿದ್ದು ನೋಡಿದ್ಮ್ಯಾಲೆ ಗೊತ್ತಾಯ್ತು ಸಾ. ಅಪ್ಪನಿಗೂ ಇಂಗೇ ಮಾಡಿದ್ಲು." ಮಂಚಯ್ಯ ಬಿಚ್ಚಿದ ಪಟ್ಟಿಯನ್ನು ಕೈಗೆ ಸುತ್ತಿಕೊಂಡ. "ಏನಂತ ಏಳಲಿ? ಅವ್ವ ಕದ್ಲು ಅಂತ ಏಳ್ಲಾ?"

ಬಸವರಾಜು ಒಂದೊಂದೇ ಮಾತನ್ನು ಇಂಗ್ಲಿಷಿಗೆ ಇಳಿಸುತ್ತ ಬಂದಿದ್ದ. ಕ್ಯಾಲ್ವಿನ್ ಕೊನೆಯವರೆಗೂ ಕೇಳಿದ. ಆಮೇಲೆ ನಿಧಾನವಾಗಿ ಏನೋ ಹೇಳಿದ. ಬಸವರಾಜು ಅದನ್ನು ಕನ್ನಡ ಮಾಡಲು ಹಿಂಜರಿದ.

"ಹೇಳು," ಎಂದ ಗಂಗಯ್ಯ.

"ಅವನಜ್ಜಿ ಇನ್ನೂ ಬದುಕಿದ್ದಾಳೆ. ತಾತನನ್ನ ಹೂಳೋದಕ್ಕೆ ಅವಳು ಯಾವತ್ತೂ ಒಪ್ಪಲಿಲ್ಲವಂತೆ. ಹೂತರೆ ಕೊಂದವರಿಗೆ ನೆಮ್ಮದಿ ಅಂತ. ಅವನು ಮಣ್ಣಿಗೆ ಹೋಗಬಾರದು, ನಾಲ್ಕು ಜನರ ಕಣ್ಣ ಮುಂದೆ ಓಡಾಡಬೇಕು ಅಂತಲೇ ಆ ಕೋಟು ಹೊಲಿದದ್ದಂತೆ." ಬಸವರಾಜು ಕ್ಯಾಲ್ವಿನ್ ಕಡೆ ನೋಡಿ ಮುಂದುವರಿಸಿದ. "ಅವಳಿಗೆ ಏನಂತ ಕಾಗದ ಬರೀಲಿ ಅಂತ ಕೇಳ್ತಿದ್ದಾನೆ."

ಕಳ್ಳನನ್ನು ಹಿಡಿದ ದಿನ ಗಂಗಯ್ಯನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಇವತ್ತು ಹಾಗಾಗಲಿಲ್ಲ. ಇಬ್ಬರು ಹೆಂಗಸರು, ನಡುವೆ ಏಳು ಸಮುದ್ರ. ಒಬ್ಬಳು ಗಂಡನನ್ನು ಹೂಳಲಾರೆ ಎಂದಳು, ಇನ್ನೊಬ್ಬಳು ಅವನನ್ನು ಹೂಳದೆ ಇರಲಾರದೆ ಹೋದಳು. ಇದರಲ್ಲಿ ಯಾವುದನ್ನು ಅಪರಾಧ ಎಂದು ಬರೆಯುವುದು?

ಪರಮಶಿವಯ್ಯ ಎದ್ದರು. ಒಮ್ಮೆ ಮಿಷನ್ನನ್ನು ನೋಡಿದರು, ಒಮ್ಮೆ ಮೆಟ್ಟಿಲನ್ನು. "ಪಟ್ಟಿ ಹಾಕ್ಕೊಳಯ್ಯ," ಎಂದಷ್ಟೇ ಮಂಚಯ್ಯನಿಗೆ ಹೇಳಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಶುಕ್ರವಾರ ಬೆಳಿಗ್ಗೆ ಗಂಗಯ್ಯ ಹುಣಸೆಮರದ ಕೆಳಗೆ ದೂರದಲ್ಲೇ ನಿಂತ. ಮಾಯಮ್ಮ ಕುಡಿಕೆಯಲ್ಲಿ ಹಾಲುತುಪ್ಪ ತಂದಿದ್ದಳು. ಜೊತೆಗೆ ಮಂಚಯ್ಯ. ಕಾಲಿಂಗಪ್ಪ ಬರುತ್ತಾನೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಅವನ ಹಾಸನದ ಬಸ್ಸು ಒಂಬತ್ತಕ್ಕಿತ್ತು.

ಬಂದ. ಕೋಟು ತೊಟ್ಟಿದ್ದ. ಬೆನ್ನಿನ ನಡುವೆ ಆ ಕಡುನೀಲಿ ಜಾಗ ಹಾಗೆಯೇ ಇತ್ತು. ಬೇರೆ ಬಟ್ಟೆ ಹಚ್ಚಿಕೊಡುತ್ತೇನೆಂದು ಮಂಚಯ್ಯ ಹೇಳಿದ್ದಕ್ಕೆ ಬೇಡವೆಂದಿದ್ದನಂತೆ. ಮೊಳದುದ್ದದ ಗುದ್ದದ ಮುಂದೆ ಅವನು ನಿಂತ. ಮಾಯಮ್ಮ ಹಾಲುತುಪ್ಪ ಬಿಟ್ಟಳು. ಮಣ್ಣು ಅದನ್ನು ಸದ್ದಿಲ್ಲದೆ ಕುಡಿಯಿತು. ಆಮೇಲೆ ಮೂರು ದಿನದಲ್ಲಿ ಮೊದಲ ಸಲ ಅವಳು ಬಾಯಿ ತೆರೆದಳು.

"ತಪ್ಪಾಯ್ತು ಕಣಪ್ಪ. ನಿನ್ನ ಕೇಳ್ಬೇಕಾಗಿತ್ತು. ಅವನು ನೀರಲ್ಲಿ ಅವ್ನೆ ಅಂದ್ರಲ್ಲ, ನಂಗೆ ತಡಕೊಳಕ್ಕೆ ಆಗ್ನಿಲ್ಲ. ಬೇಕಂದ್ರೆ ಅಗೆದು ತಕ್ಕೋ. ನಾನು ಬ್ಯಾಡ ಅನ್ನಾಕಿಲ್ಲ."

ಕ್ಯಾಲ್ವಿನ್ ಕುಕ್ಕುರುಗಾಲಲ್ಲಿ ಕೂತು ಕಲ್ಲುಗಳ ಮೇಲೆ ಅಂಗೈಯಿಟ್ಟ. ಕೂತೇ ಇದ್ದ. ದೂರದಲ್ಲಿ ಬಸ್ಸಿನ ಹಾರ್ನು ಎರಡು ಸಲ ಕೇಳಿಸಿತು. ಅವನು ಒಂದು ಕಲ್ಲನ್ನೂ ತೆಗೆಯಲಿಲ್ಲ. ಕ್ಷಮಿಸಿದನೇ? ಗಂಗಯ್ಯನಿಗೆ ಹೇಳಲಾಗಲಿಲ್ಲ.

ಅವನು ಏಳುವಾಗ ಮಾಯಮ್ಮ ಸೆರಗಿನ ಗಂಟು ಬಿಚ್ಚಿದಳು. ಒಂದು ಪುಳ್ಳೆಗೆ ಸುತ್ತಿದ ದಾರ. ಹಳೆಯದು, ಬಿಳಿಯೋ ಹಳದಿಯೋ ತಿಳಿಯದಷ್ಟು ಮಾಸಿದ್ದು. ಕೋಟಿನಿಂದ ಬಿಡಿಸಿದ್ದು. ಈ ತುದಿಯಿಂದ ಆ ತುದಿಯವರೆಗೆ ಒಂದು ಕಡೆಯೂ ಕಡಿದಿರಲಿಲ್ಲ.

"ಬಟ್ಟೆ ನಿಮ್ ತಾತನ್ದು, ಅದನ್ನ ಅವನಿಗೆ ಕೊಟ್ಟೆ," ಎಂದಳು. "ಇದು ನಿಮ್ಮಜ್ಜೀದು. ಬದುಕಿರೋರ್ದ ಹೂಳಬಾರ್ದು."

ಕ್ಯಾಲ್ವಿನ್‌ಗೆ ಅಷ್ಟು ಕನ್ನಡ ಬರುತ್ತಿತ್ತು. ಎರಡೂ ಕೈ ಚಾಚಿ ತೆಗೆದುಕೊಂಡ.